ದಾರಿಯಲ್ಲಿ ಸಿಕ್ಕಿದ್ದು

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಬೆಂಗಳೂರಿನ ಕುಂದಲಹಳ್ಳಿ ಗೇಟಿನ ಸುತ್ತ ಬಾಳಿದವರಿಗೆ ತಿಂಗಳ ಏಳನೇ ತಾರೀಕು ಎಂದರೇನು ಎಂದು ಗೊತ್ತು. ಸಾವಿರಕ್ಕಿಂತ ಕಡಿಮೆ ಕೆಲಸಗಾರರಿರುವ ಕಾರ್ಖಾನೆಗಳು ಏಳರೊಳಗೆ, ಅದಕ್ಕಿಂತ ದೊಡ್ಡವು ಹತ್ತರೊಳಗೆ ಸಂಬಳ ಕೊಡಬೇಕೆಂದು 1936ರ ವೇತನ ಪಾವತಿ ಕಾಯಿದೆ ಹೇಳುತ್ತಿತ್ತು. ಆಗ ಸಂಬಳವೆಂದರೆ ಕವರು. ಅದನ್ನು ಅಂಗಿಯ ಒಳಜೇಬಿನಲ್ಲಿಟ್ಟು ಕೆಲವರು ಸೈಕಲ್ ತುಳಿಯುತ್ತಿದ್ದರು, ಕೆಲವರು ಬಿಟಿಎಸ್ ಬಸ್ಸಿನ ಫುಟ್‌ಬೋರ್ಡಿಗೆ ಜೋತುಬೀಳುತ್ತಿದ್ದರು. ಕವರು ಬಿದ್ದುಹೋಯಿತೆಂದರೆ ಮನೆ ಬಾಡಿಗೆ, ದಿನಸಿ ಸಾಲ, ಚೀಟಿ ಕಂತು ಎಲ್ಲವೂ ಒಟ್ಟಿಗೆ ಬಿದ್ದುಹೋದಂತೆ. ಅಂಥ ಕವರು ಬೇರೊಬ್ಬರ ಕಣ್ಣಿಗೆ ಬೀಳುತ್ತಿದ್ದುದೂ ಅದೇ ರಸ್ತೆಯಲ್ಲಿ.

ಆಗ ಬ್ರೂಕ್‌ಫೀಲ್ಡ್ ಎಂಬ ಈಗಿನ ಹೆಸರು ನಮ್ಮ ಬಾಯಿಗೆ ಇನ್ನೂ ಹತ್ತಿರಲಿಲ್ಲ. ಬಸ್ಸಿನಲ್ಲಿ ಟಿಕೆಟ್ ಕೇಳುವಾಗ ಕುಂದಲಹಳ್ಳಿ ಎನ್ನುತ್ತಿದ್ದೆವು. ರಾಗಿ ಹೊಲ, ನೀಲಗಿರಿ ತೋಪು, ಕೆರೆ, ಅಲ್ಲೊಂದು ಇಲ್ಲೊಂದು ಕಾರ್ಖಾನೆ. ರಸ್ತೆಯಲ್ಲಿ ಸಿಕ್ಕ ವಸ್ತುವನ್ನು ತಂದು ಒಪ್ಪಿಸುವ ಜಾಗವೆಂದರೆ ಗೇಟಿನ ದಿನಸಿ ಅಂಗಡಿ. ಅಂಗಡಿಯವರು ಅದನ್ನು ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಡಬ್ಬಿಯಲ್ಲಿಡುತ್ತಿದ್ದರು. ಯಾರಾದರೂ ಹುಡುಕಿಕೊಂಡು ಬಂದರೆ ಮೊದಲು ಕೂರಿಸಿ ನೀರು ಕೊಡುತ್ತಿದ್ದರು, ಆಮೇಲೆ ಪ್ರಶ್ನೆ. ಎಷ್ಟಿತ್ತು? ಯಾವ ಯಾವ ನೋಟು? ರಬ್ಬರ್ ಬ್ಯಾಂಡ್ ಹಾಕಿತ್ತೋ, ದಾರ ಕಟ್ಟಿತ್ತೋ? ಒಳಗೆ ಬೇರೆ ಚೀಟಿ ಇತ್ತೋ? ಉತ್ತರ ತಾಳೆಯಾದರೆ ದುಡ್ಡು ಕೈಗೆ ಬರುತ್ತಿತ್ತು. ಕೊಡುವಾಗ ಅಂಗಡಿಯಲ್ಲಿ ಇನ್ನಿಬ್ಬರು ಇರುವಂತೆ ಅವರು ನೋಡಿಕೊಳ್ಳುತ್ತಿದ್ದರು. ಕಾನೂನಿನ ಪುಸ್ತಕವನ್ನು ಅವರು ಓದಿದ್ದವರಲ್ಲ. ಆದರೆ ಠೇವಣಿ, ಗುರುತು ಪರೀಕ್ಷೆ, ಸಾಕ್ಷಿ ಮೂರೂ ಆ ಅಂಗಡಿಯಲ್ಲಿದ್ದವು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಹಳೆಯ ಕಾಲ ಚಿನ್ನದಂಥದು ಎಂದಂತಾಗುತ್ತದೆ. ಅದು ಪೂರ್ತಿ ನಿಜವಲ್ಲ. ವಸ್ತುಗಳು ಮರಳುತ್ತಿದ್ದುದಕ್ಕೆ ಒಳ್ಳೆಯತನದಷ್ಟೇ ಊರ ಕಣ್ಣೂ ಕಾರಣವಾಗಿತ್ತು. ಯಾರ ಮನೆಗೆ ಹೊಸ ಪಾತ್ರೆ ಬಂತು, ಯಾರು ಇದ್ದಕ್ಕಿದ್ದಂತೆ ಸಾಲ ತೀರಿಸಿದರು ಎಂಬುದು ಸಂಜೆಯೊಳಗೆ ಎಲ್ಲರಿಗೂ ತಿಳಿಯುತ್ತಿತ್ತು. ಅದೇ ಕಣ್ಣು ಬಡವರ ಮೇಲೆ, ಹೊರಗಿನಿಂದ ಬಂದ ಕೂಲಿಯವರ ಮೇಲೆ ಬಲು ಬೇಗ ತಿರುಗುತ್ತಿತ್ತು. ಒಡವೆ ಕಳೆದರೆ ಅಂಜನ ಹಾಕಿಸುವವರಿದ್ದರು. ವೀಳ್ಯದೆಲೆಗೆ ಹಚ್ಚಿದ ಕಪ್ಪಿನಲ್ಲಿ ಕಂಡ ಮುಖ ಹೆಚ್ಚಾಗಿ ಮನೆಕೆಲಸದವಳದೋ, ಕೇರಿಯ ಹುಡುಗನದೋ ಆಗಿರುತ್ತಿತ್ತು. ಊರಗೌಡರ ಮಗನ ಮುಖ ಅಂಜನದಲ್ಲಿ ಕಂಡಿದ್ದನ್ನು ನಾನು ಕೇಳಿಲ್ಲ. ಒಡವೆ ಆಮೇಲೆ ಹಾಸಿಗೆಯ ಮಡಿಕೆಯಲ್ಲಿ ಸಿಕ್ಕಿದರೂ ಹೆಸರು ಕೆಟ್ಟವರ ಹೆಸರು ಕೆಟ್ಟೇ ಇರುತ್ತಿತ್ತು.

ಇನ್ನೊಂದು ದಾರಿ ದೇವರ ಹುಂಡಿ. ಬಿದ್ದ ದುಡ್ಡು ಸಿಕ್ಕಿದೆ, ಇಟ್ಟುಕೊಳ್ಳಲು ಭಯ, ಒಡೆಯರನ್ನು ಹುಡುಕಲು ಸಮಯವಿಲ್ಲ. ಹಾಗಾದರೆ ಹುಂಡಿಗೆ ಹಾಕು. ಇವತ್ತೂ ಬಹಳ ಜನ ಹೀಗೆ ಮಾಡುತ್ತಾರೆ, ಮಾಡಿ ಹಗುರಾಗುತ್ತಾರೆ. ಎತ್ತಿಕೊಂಡವರ ಮನಸ್ಸಿಗೆ ಅದರಿಂದ ಸಮಾಧಾನವಿದೆ, ಕಳೆದುಕೊಂಡವರಿಗೆ ಏನೂ ಇಲ್ಲ. ಅವರ ಬಾಡಿಗೆಯ ದುಡ್ಡನ್ನು ಅವರನ್ನು ಕೇಳದೆ ನಾವು ದೇವರಿಗೆ ಕೊಟ್ಟಂತಾಯಿತು. ಭಕ್ತಿಗೆ ನಾನು ಅಡ್ಡಿ ಹೇಳುತ್ತಿಲ್ಲ. ದುಡ್ಡಿನ ಒಡೆಯರು ಯಾರೆಂದು ಕೇಳುವ ಕೆಲಸ ಹುಂಡಿಯಿಂದ ಮುಗಿಯುವುದಿಲ್ಲ ಎನ್ನುತ್ತಿದ್ದೇನೆ.

1998ರಲ್ಲಿ ಐಟಿಪಿಎಲ್ ಟೆಕ್ ಪಾರ್ಕು ಬಾಗಿಲು ತೆರೆಯಿತು. ರಾಗಿ ಹೊಲಗಳು ಲೇಔಟಾದವು, ಲೇಔಟುಗಳಲ್ಲಿ ಪಿಜಿಗಳೂ ಅಪಾರ್ಟ್‌ಮೆಂಟುಗಳೂ ಎದ್ದವು. 2006ರಲ್ಲಿ ವೋಲ್ವೊ ಸಿಟಿ ಬಸ್ಸುಗಳು ಬೆಂಗಳೂರಿಗೆ ಬಂದವು, 2007ರಲ್ಲಿ ನಮ್ಮ ಮಹದೇವಪುರ ನಗರಸಭೆ ಬಿಬಿಎಂಪಿಯೊಳಗೆ ಸೇರಿತು. ದೇಶದ ಮೂಲೆಮೂಲೆಯಿಂದ ಜನ ಬಂದರು. ಅವರಲ್ಲಿ ಲ್ಯಾಪ್‌ಟಾಪ್ ಬ್ಯಾಗಿನವರೂ ಇದ್ದರು, ಉತ್ತರ ಕರ್ನಾಟಕದಿಂದ ಕಟ್ಟಡದ ಕೆಲಸಕ್ಕೆ ಬಂದವರೂ ಇದ್ದರು, ತೂಬರಹಳ್ಳಿಯ ಶೆಡ್ಡುಗಳಲ್ಲಿ ಕಸ ವಿಂಗಡಿಸುವ ಬಂಗಾಳಿ ಕುಟುಂಬಗಳೂ ಇದ್ದವು. ದಾರಿಯಲ್ಲಿ ಪರ್ಸು ಸಿಕ್ಕರೆ ಅದರೊಳಗಿನ ಫೋಟೋ ನೋಡಿ ಇಂಥವರ ಮಗ ಎನ್ನುವವರು ಇಲ್ಲವಾದರು. ದಿನಸಿ ಅಂಗಡಿಯ ಜಾಗದಲ್ಲಿ ಸೂಪರ್ ಮಾರ್ಕೆಟ್ ಬಂತು, ಅಲ್ಲಿನ ಕೌಂಟರಿನ ಹುಡುಗರು ಆರು ತಿಂಗಳಿಗೊಮ್ಮೆ ಬದಲಾಗುತ್ತಾರೆ. ಸಿಕ್ಕ ವಸ್ತುವನ್ನು ಅವರ ಕೈಗೆ ಕೊಟ್ಟರೆ ಮುಂದೆ ಅದು ಎಲ್ಲಿಗೆ ಹೋಗುತ್ತದೆಂದು ಕೊಟ್ಟವರಿಗೂ ತಿಳಿಯದು, ಇಸಿದುಕೊಂಡವರಿಗೂ ತಿಳಿಯದು.

ಬದಲಾಗದೆ ಉಳಿದದ್ದು ಅಂಜನದ ಬುದ್ಧಿ. ಫ್ಲಾಟಿನಲ್ಲಿ ಉಂಗುರ ಕಾಣದಿದ್ದರೆ ಮೊದಲು ನೆನಪಾಗುವುದು ಮನೆಕೆಲಸದವಳು. ಎಷ್ಟೋ ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ಆಕೆ ಹೊರಹೋಗುವಾಗ ಬ್ಯಾಗು ಬಿಚ್ಚಿ ತೋರಿಸಬೇಕು. ಮನೆಯವರು ಕೊಟ್ಟ ಹಳೆ ಸೀರೆಗೂ ಚೀಟಿ ಬೇಕು. ಹೀಗಿರುವಾಗ ಗುಡಿಸುವ ಹೊತ್ತಿಗೆ ಲಿಫ್ಟಿನ ಮೂಲೆಯಲ್ಲಿ ಒಂದು ಓಲೆ ಸಿಕ್ಕರೆ ಆಕೆಯ ಮನಸ್ಸಿನಲ್ಲಿ ಏನು ನಡೆಯಬಹುದು? ನಮ್ಮ ಬೀದಿಯ ನಾಲ್ಕು ಮನೆಗಳಲ್ಲಿ ಕೆಲಸ ಮಾಡುವ ಒಬ್ಬಾಕೆಯನ್ನು ಕೇಳಿದೆ. ಆಕೆ ತಡಮಾಡದೆ ಹೇಳಿದಳು: “ನಾನ್ ನೋಡೇ ಇಲ್ಲ ಅಂತ ಬಿಟ್ಬಿಡ್ತೀನಕ್ಕ. ಎತ್ಕೊಟ್ರೆ, ಇನ್ನೊಂದೆಲ್ಲಿ ಅಂತ ಕೇಳ್ತಾರೆ.”

ಕಳ್ಳತನದ ಆಸೆ ಇಲ್ಲದವಳ ಮಾತು ಇದು. ಹಿಂದಿರುಗಿಸಲು ಹೋದರೆ ಅನುಮಾನ ತನ್ನ ಮೇಲೇ ಬರುತ್ತದೆ ಎಂಬ ಲೆಕ್ಕ ಅವಳಿಗೆ ಅನುಭವದಿಂದ ಬಂದದ್ದು. ಸಿಕ್ಕ ವಸ್ತುವನ್ನು ಹಿಂದಿರುಗಿಸುವ ಪ್ರಾಮಾಣಿಕತೆ ಕುರಿತು ನಾವು ಮಕ್ಕಳಿಗೆ ಕಥೆ ಹೇಳುವಾಗ ಈ ಲೆಕ್ಕವನ್ನು ಬಿಟ್ಟುಬಿಡುತ್ತೇವೆ.

ಮುಟ್ಟದೆ ಬಿಡುವುದಕ್ಕೆ ಕನ್ನಡದಲ್ಲಿ ದೊಡ್ಡ ಪರಂಪರೆಯೇ ಇದೆ. ಹನ್ನೆರಡನೇ ಶತಮಾನದ ಶರಣೆ ಸತ್ಯಕ್ಕನ ಕಾಯಕ ಶಿವಭಕ್ತರ ಅಂಗಳ ಗುಡಿಸುವುದು ಎಂದು ಪರಂಪರೆ ಹೇಳುತ್ತದೆ. ಶಂಭುಜಕ್ಕೇಶ್ವರ ಆಕೆಯ ಅಂಕಿತ. ಲಂಚಕ್ಕೆ ಕೈಯೊಡ್ಡುವುದಿಲ್ಲ, ದಾರಿಯಲ್ಲಿ ಹೊನ್ನೇ ಬಿದ್ದಿರಲಿ, ವಸ್ತ್ರವೇ ಬಿದ್ದಿರಲಿ, ಕೈಯಿಂದ ಮುಟ್ಟಿ ಎತ್ತುವುದಿಲ್ಲವೆಂದು ಆಕೆ ತನ್ನ ದೇವರ ಮೇಲೆ ಆಣೆಯಿಟ್ಟ ವಚನ ಪ್ರಸಿದ್ಧವಾಗಿದೆ. ಎಂಟುನೂರು ವರ್ಷಗಳ ಹಿಂದೆ ಕಸ ಗುಡಿಸುವ ಹೆಣ್ಣುಮಗಳೊಬ್ಬಳು ಲಂಚವನ್ನೂ ದಾರಿಯಲ್ಲಿ ಸಿಕ್ಕ ಹೊನ್ನನ್ನೂ ಒಂದೇ ಉಸಿರಿನಲ್ಲಿ ತಳ್ಳಿಹಾಕಿದಳು ಎಂಬುದು ನನಗೆ ಇವತ್ತಿಗೂ ದೊಡ್ಡ ಮಾತು. ಆದರೆ ಸತ್ಯಕ್ಕನ ಆಣೆಗೂ ನಮ್ಮ ಬೀದಿಯಾಕೆಯ ಉತ್ತರಕ್ಕೂ ಅಂತರವಿದೆ. ಆಕೆ ಮುಟ್ಟದಿದ್ದುದು ನಿಷ್ಠೆಯಿಂದ, ಈಕೆ ಮುಟ್ಟದಿರುವುದು ಭಯದಿಂದ.

ಭಯಕ್ಕೆ ಇನ್ನೊಂದು ಕಾರಣ 2024ರ ಮಾರ್ಚ್ 1ರಂದು ಸೇರಿಕೊಂಡಿತು. ಅಂದು ಶುಕ್ರವಾರ, ಮಧ್ಯಾಹ್ನ ಒಂದು ಗಂಟೆಯ ಆಸುಪಾಸು, ಬ್ರೂಕ್‌ಫೀಲ್ಡಿನ ರಾಮೇಶ್ವರಂ ಕೆಫೆಯಲ್ಲಿ ಬಾಂಬು ಸ್ಫೋಟಿಸಿತು. ಗಿರಾಕಿಯಂತೆ ಬಂದವನು ಕೈತೊಳೆಯುವ ಜಾಗದ ಹತ್ತಿರ ಬಿಟ್ಟುಹೋದ ಬ್ಯಾಗಿನಲ್ಲಿ ಅದು ಇತ್ತು. ಹಲವರು ಗಾಯಗೊಂಡರು. ಎಚ್‌ಎಎಲ್ ಠಾಣೆಯಲ್ಲಿ ದಾಖಲಾದ ಪ್ರಕರಣ ಎರಡೇ ದಿನಗಳಲ್ಲಿ ಎನ್‌ಐಎಗೆ ಹೋಯಿತು. ಏಪ್ರಿಲ್ 12ರಂದು ಇಬ್ಬರನ್ನು ಕೋಲ್ಕತ್ತದ ಕಡೆ ಹಿಡಿದರು. ಕೆಫೆ ಮಾರ್ಚ್ 9ಕ್ಕೇ ಮತ್ತೆ ತೆರೆಯಿತು, ಜನ ಮತ್ತೆ ಸಾಲು ನಿಂತರು. ಆದರೆ ಯಾರೋ ಬಿಟ್ಟುಹೋದ ಬ್ಯಾಗನ್ನು ನೋಡುವ ನಮ್ಮ ನೋಟ ಅವತ್ತಿಗೆ ಬೇರೆಯಾಯಿತು.

ಆ ತಿಂಗಳಲ್ಲೇ ಐಟಿಪಿಎಲ್ ರಸ್ತೆಯ ಬಸ್ ತಂಗುದಾಣದ ಬೆಂಚಿನ ಮೇಲೆ ಬಣ್ಣ ಮಾಸಿದ ಒಂದು ಬ್ಯಾಗು ಇತ್ತು. ನಿಂತಿದ್ದವರೆಲ್ಲ ರಸ್ತೆಯ ಅಂಚಿಗೆ ಸರಿದರು. “ಯಾರ್ದಿದು?” ಎಂದು ಒಬ್ಬರು ಕೂಗಿದರು. ಎದುರಿನ ಕಟ್ಟಡದ ಸೆಕ್ಯೂರಿಟಿ ಓಡಿಬಂದು, “ಮುಟ್ಬೇಡಿ ಸಾರ್, ಮುಟ್ಬೇಡಿ” ಎಂದ. ಇನ್ನೊಬ್ಬರು 112ಕ್ಕೆ ಫೋನ್ ಮಾಡಲು ಮೊಬೈಲ್ ತೆಗೆದರು. ಅಷ್ಟರಲ್ಲಿ ಹೌಸ್‌ಕೀಪಿಂಗ್ ಸಮವಸ್ತ್ರದ ಒಬ್ಬ ಹೆಂಗಸು ಮೆಡಿಕಲ್ ಶಾಪಿನಿಂದ ಓಡೋಡಿ ಬಂದಳು. “ನಂದೇ ಅಣ್ಣ, ಊಟದ ಬ್ಯಾಗು. ಮಾತ್ರೆ ತರಕ್ಕೆ ಹೋಗಿದ್ದೆ.” ಹಿರಿಯರೊಬ್ಬರು, “ಹಿಂಗೆಲ್ಲ ಬಿಟ್ಟೋಗ್ಬಾರ್ದು ಕಣಮ್ಮ” ಎಂದು ಗದರಿದರು. ಗದರಿದವರದೂ ತಪ್ಪಲ್ಲ, ಆಕೆಯದೂ ತಪ್ಪಲ್ಲ. ಮೊದಲಾಗಿದ್ದರೆ ಯಾರಾದರೂ ಒಬ್ಬರು ಬ್ಯಾಗಿನ ಪಕ್ಕ ಕೂತು ಕಾಯುತ್ತಿದ್ದರು. ಈಗ ದೂರ ನಿಲ್ಲುವುದೇ ಜವಾಬ್ದಾರಿಯ ನಡವಳಿಕೆ. ವಾರಸುದಾರರಿಲ್ಲದ ಬ್ಯಾಗನ್ನು ಮುಟ್ಟದೆ ಪೊಲೀಸರಿಗೆ ತಿಳಿಸಬೇಕು ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಪರ್ಸು, ಫೋನು, ಉಂಗುರ, ನೋಟು? ಇಲ್ಲಿ ಕಾನೂನು ಸ್ಪಷ್ಟವಾಗಿಯೇ ಮಾತಾಡುತ್ತದೆ, ನಮಗೆ ಯಾರೂ ಕಲಿಸಿಲ್ಲ ಅಷ್ಟೆ. ಬಿದ್ದ ವಸ್ತುವನ್ನು ಎತ್ತಲೇಬೇಕೆಂಬ ಕಡ್ಡಾಯವಿಲ್ಲ. ಎತ್ತಿ ನಮ್ಮ ವಶಕ್ಕೆ ತೆಗೆದುಕೊಂಡೆವೋ, 1872ರ ಕರಾರು ಕಾಯಿದೆಯ 71ನೇ ಕಲಮಿನಂತೆ, ನಂಬಿ ಒಪ್ಪಿಸಿದ ಬೇರೆಯವರ ವಸ್ತುವನ್ನು ಕಾಯುವವರ ಹೊಣೆ ನಮಗೆ ಬರುತ್ತದೆ. ನಮ್ಮದೇ ವಸ್ತುವಿನಷ್ಟು ಜತನ ಮಾಡಬೇಕು. ಅದೇ ಕಾಯಿದೆಯ 168ನೇ ಕಲಮು ಎತ್ತಿಕೊಂಡವರ ಪರವಾಗಿಯೂ ನಿಲ್ಲುತ್ತದೆ: ಒಡೆಯರು ಇಂತಿಷ್ಟು ಬಹುಮಾನ ಎಂದು ಸಾರಿದ್ದರೆ ಅದನ್ನು ದಾವೆ ಹೂಡಿ ಪಡೆಯಬಹುದು. ದಂಡಸಂಹಿತೆಯ ಹಳೆಯ 403ನೇ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 314 ಆಗಿದೆ. ಹೆದ್ದಾರಿಯಲ್ಲಿ ಒಂದು ರೂಪಾಯಿ ಸಿಕ್ಕಿದೆ, ಯಾರದೆಂದು ತಿಳಿಯುವ ದಾರಿಯೇ ಇಲ್ಲ, ಎತ್ತಿಕೊಂಡರೆ ಅಪರಾಧವಲ್ಲ. ಬೆಲೆಬಾಳುವ ಉಂಗುರ ಸಿಕ್ಕ ಕೂಡಲೇ ಒಡೆಯರನ್ನು ಹುಡುಕುವ ಗೋಜಿಗೇ ಹೋಗದೆ ಮಾರಿದರೆ ಅಪರಾಧ. ಒಬ್ಬರು ಪರ್ಸು ಬೀಳಿಸಿದ್ದನ್ನು ಕಂಡು, ಕೊಡೋಣವೆಂದೇ ಎತ್ತಿಕೊಂಡು, ಆಮೇಲೆ ಮನಸ್ಸು ಬದಲಿಸಿದರೂ ಅಪರಾಧ. ಈ ಉದಾಹರಣೆಗಳು 1860ರಿಂದ ಕಾನೂನಿನಲ್ಲೇ ಇವೆ. ಮೊದಲು ದಂಡ ಕಟ್ಟಿ ಬಿಡುಗಡೆಯಾಗುವ ಅವಕಾಶವಿತ್ತು. ಈಗ ಕನಿಷ್ಠ ಆರು ತಿಂಗಳ ಸಜೆ, ಗರಿಷ್ಠ ಎರಡು ವರ್ಷ, ಜೊತೆಗೆ ದಂಡ.

ಎಲ್ಲ ಉದಾಹರಣೆಗಳೂ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ. ಒಡೆಯರನ್ನು ಹುಡುಕಲು ತಕ್ಕ ಪ್ರಯತ್ನ ಮಾಡಿದೆಯಾ, ತಕ್ಕಷ್ಟು ಕಾಲ ಕಾದೆಯಾ? ಗೇಟಿನ ದಿನಸಿ ಅಂಗಡಿಯವರು ಮಾಡುತ್ತಿದ್ದುದು ಇದನ್ನೇ.

ಆದರೆ ದುಡ್ಡು ಈಗ ರಸ್ತೆಯಲ್ಲಿ ಬೀಳುವುದೇ ಅಪರೂಪ. 2016ರಲ್ಲಿ ಯುಪಿಐ ಬಂತು, ಅದೇ ನವೆಂಬರಿನಲ್ಲಿ ನೋಟು ರದ್ದಾಯಿತು. ಸಂಬಳದ ಕವರು ಅದಕ್ಕೂ ಮೊದಲೇ ಬ್ಯಾಂಕ್ ಖಾತೆಗೆ ಸೇರಿತ್ತು. ಈಗ ದುಡ್ಡು ತಪ್ಪುವುದು ಒಂದು ಅಂಕಿ ತಪ್ಪಿ ಒತ್ತಿದಾಗ. ನಮ್ಮ ಬೀದಿಯ ಬೇಕರಿಯಲ್ಲಿ ಒಂದು ಸಂಜೆ, ಎದುರಿಗೆ ಗಿರಾಕಿಯೇ ಇಲ್ಲದಿರುವಾಗ ಸೌಂಡ್‌ಬಾಕ್ಸು ಐದು ಸಾವಿರ ರೂಪಾಯಿ ಬಂತೆಂದು ಕೂಗಿತು. ಸ್ವಲ್ಪ ಹೊತ್ತಿಗೆ ಫೋನು: “ತಪ್ಪಿ ನಿಮಗೆ ಹಾಕಿಬಿಟ್ಟೆ ಅಣ್ಣ, ಆಸ್ಪತ್ರೆ ದುಡ್ಡು, ಈ ಇನ್ನೊಂದು ನಂಬರಿಗೆ ವಾಪಸ್ ಹಾಕಿ.” ಬೇಕರಿಯವರು ಕೈಕಟ್ಟಿ ನಿಂತರು. “ಕೊಡ್ದಿದ್ರೆ ಪಾಪ, ಕೊಟ್ರೆ ಮೋಸ ಹೋದೆ ಅಂತಾರೆ. ಏನ್ ಮಾಡ್ಲಿ ಹೇಳಿ?”

ಅವರ ಅಂಜಿಕೆಗೆ ಆಧಾರವಿದೆ. ಯಾರಿಂದಲೋ ದೋಚಿದ ದುಡ್ಡನ್ನು ಗೊತ್ತಿಲ್ಲದವರ ಖಾತೆಗೆ ಹಾಕಿ, ತಪ್ಪಾಯಿತೆಂದು ಗೋಗರೆದು ಮೂರನೆಯ ಖಾತೆಗೆ ದಾಟಿಸಿಕೊಳ್ಳುವುದು ಸೈಬರ್ ವಂಚಕರ ದಂಧೆ. ಮೂಲದವರು ದೂರು ಕೊಟ್ಟಾಗ ಮಧ್ಯದವರ ಖಾತೆ ಸ್ಥಗಿತವಾಗುತ್ತದೆ. ಬರಿ ಮೆಸೇಜು ಕಳಿಸಿ, ದುಡ್ಡು ಬಂದೇ ಇಲ್ಲದಿರುವಾಗ ಬಂತೆಂದು ನಂಬಿಸುವವರೂ ಇದ್ದಾರೆ. ಹಾಗೆಂದು ದುಡ್ಡನ್ನು ಇಟ್ಟುಕೊಳ್ಳುವಂತೆಯೂ ಇಲ್ಲ. ಮರುದಿನ ಬೇಕರಿಯವರೂ ನಾನೂ ಅವರ ಬ್ಯಾಂಕಿನ ಶಾಖೆಗೆ ಹೋಗಿ, ಈ ದುಡ್ಡು ನನ್ನದಲ್ಲ, ಬಂದ ಖಾತೆಗೇ ಹಿಂದಿರುಗಿಸಿ ಎಂದು ಬರೆದುಕೊಟ್ಟೆವು. ಮ್ಯಾನೇಜರು ಸ್ವೀಕೃತಿಯ ಮೊಹರು ಹಾಕಿ ಒಂದು ಪ್ರತಿ ಕೊಟ್ಟರು. ದುಡ್ಡು ಬಂದ ದಾರಿಯಲ್ಲೇ ವಾಪಸ್ ಹೋಗಬೇಕು, ಫೋನಿನಲ್ಲಿ ಅಳುವವರು ತೋರಿಸುವ ದಾರಿಯಲ್ಲಲ್ಲ. ಆ ಮೊಹರಿನ ಕಾಗದ ಕೈಗೆ ಬಂದಾಗ ಬೇಕರಿಯವರ ಮುಖದಲ್ಲಿ ಕಂಡ ನೆಮ್ಮದಿ ನನಗೆ ಒಂದು ವಿಷಯ ಕಲಿಸಿತು. ದುಡ್ಡು ಬಿಟ್ಟುಕೊಡಲು ಅವರಿಗೆ ಕಷ್ಟವಾಗಿರಲಿಲ್ಲ. ಬಿಟ್ಟುಕೊಟ್ಟೆನೆಂಬುದಕ್ಕೆ ಗುರುತು ಬೇಕಾಗಿತ್ತು.

ಜನ ಮೂಲತಃ ಆಸೆಬುರುಕರು ಎಂಬ ಮಾತಿಗೆ ವಿರುದ್ಧವಾದ ದೊಡ್ಡ ಪರೀಕ್ಷೆಯೊಂದರ ಫಲಿತಾಂಶ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. 40 ದೇಶಗಳ 355 ನಗರಗಳಲ್ಲಿ 17,000ಕ್ಕೂ ಹೆಚ್ಚು ಪರ್ಸುಗಳನ್ನು ಬ್ಯಾಂಕು, ಹೋಟೆಲು, ಅಂಚೆ ಕಚೇರಿಯಂಥ ಕಡೆ ಕೌಂಟರಿನವರ ಕೈಗೆ, ಬಿದ್ದು ಸಿಕ್ಕಿತೆಂದು ಕೊಟ್ಟುಹೋದರು. ಕೆಲವು ಪರ್ಸುಗಳಲ್ಲಿ ದುಡ್ಡಿತ್ತು, ಕೆಲವುಗಳಲ್ಲಿ ಇರಲಿಲ್ಲ. ದುಡ್ಡಿಲ್ಲದ ಪರ್ಸುಗಳಲ್ಲಿ ನೂರಕ್ಕೆ 40ರಷ್ಟಕ್ಕೆ ಒಡೆಯರನ್ನು ಸಂಪರ್ಕಿಸಿದರೆ, ದುಡ್ಡಿದ್ದ ಪರ್ಸುಗಳಲ್ಲಿ 51ರಷ್ಟಕ್ಕೆ. ಭಾರತದಲ್ಲೂ ದುಡ್ಡಿದ್ದ ಪರ್ಸುಗಳೇ ಹೆಚ್ಚು ಮರಳಿದವು. ಪರ್ಸಿನಲ್ಲಿ ಕೀಲಿಕೈ ಇದ್ದಾಗ ಕೊಡುವವರು ಇನ್ನೂ ಹೆಚ್ಚಿದರು. ಕೀಲಿಕೈಯಿಂದ ಎತ್ತಿಕೊಂಡವರಿಗೆ ಲಾಭವಿಲ್ಲ, ಕಳೆದುಕೊಂಡವರಿಗೆ ಅದು ಬೇಕೇ ಬೇಕು. ಅವರಿಗೆ ಎಷ್ಟು ಕಷ್ಟವಾಗಿರಬೇಡ ಎಂದು ಯೋಚಿಸಿ, ತಾನು ಕಳ್ಳನೆನಿಸಿಕೊಳ್ಳಬಾರದೆಂದು ಬಯಸುವವರು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಿದ್ದಾರೆ.

ಹಾಗಾದರೆ ಕೊರತೆ ಎಲ್ಲಿದೆ? 2023ರ ನವೆಂಬರಿನ ಸುದ್ದಿಯೊಂದು ಇದಕ್ಕೆ ಉತ್ತರ ಕೊಡುತ್ತದೆ. ಬೆಂಗಳೂರಿನ ನಾಗವಾರದ ಕಡೆ ಚಿಂದಿ ಆಯುವ ಒಬ್ಬ ವಲಸೆ ಕೆಲಸಗಾರನಿಗೆ ಡಾಲರ್ ನೋಟಿನ 23 ಕಟ್ಟುಗಳು ಸಿಕ್ಕಿದವು. ಮುಖಬೆಲೆ ಸುಮಾರು 30 ಲಕ್ಷ ಡಾಲರ್. ಅವನು ನೇರವಾಗಿ ಠಾಣೆಗೆ ಹೋಗಲಿಲ್ಲ. ತನ್ನಿಂದ ಗುಜರಿ ಕೊಳ್ಳುವವನಿಗೆ ಹೇಳಿದ, ಅವನು ಒಬ್ಬ ಸಾಮಾಜಿಕ ಕಾರ್ಯಕರ್ತರಿಗೆ ಹೇಳಿದ, ಅವರ ಮೂಲಕ ವಿಷಯ ಪೊಲೀಸ್ ಕಮಿಷನರಿಗೆ ತಲುಪಿ, ಅಲ್ಲಿಂದ ಹೆಬ್ಬಾಳ ಠಾಣೆಗೆ ಬಂತು. ನೋಟುಗಳು ನಕಲಿಯೆಂಬ ಅನುಮಾನ ಮೊದಲೇ ಇತ್ತು. ಅಸಲಿಯೋ ನಕಲಿಯೋ ಎನ್ನುವುದಕ್ಕಿಂತ ನನ್ನನ್ನು ಕಾಡುವುದು ಆ ಸುತ್ತುದಾರಿ. ಸಿಕ್ಕ ವಸ್ತುವನ್ನು ಕೈಯಲ್ಲಿ ಹಿಡಿದು ಒಬ್ಬನೇ ಠಾಣೆಯ ಮೆಟ್ಟಿಲು ಹತ್ತಲು ಬಡವನಿಗೆ ಇನ್ನೂ ಧೈರ್ಯವಿಲ್ಲ.

ರಸ್ತೆ ಅಪಘಾತದ ಗಾಯಾಳುಗಳ ವಿಷಯದಲ್ಲೂ ಹೀಗೇ ಇತ್ತು. ಆಸ್ಪತ್ರೆಗೆ ಸೇರಿಸಿದವರನ್ನೇ ಪ್ರಶ್ನೆ ಕೇಳಿ ಕೂರಿಸಿಕೊಳ್ಳುತ್ತಾರೆಂದು ಜನ ನೋಡಿ ಮುಂದೆ ಹೋಗುತ್ತಿದ್ದರು. ಜನಕ್ಕೆ ದಯೆಯಿಲ್ಲ ಎಂದು ಬೈಯುವುದನ್ನು ಬಿಟ್ಟು ಕರ್ನಾಟಕ 2016ರಲ್ಲಿ ನೆರವಾಗುವವರ ರಕ್ಷಣೆಗೆ ಶಾಸನ ಮಾಡಿತು, 2018ರಲ್ಲಿ ಅದಕ್ಕೆ ರಾಷ್ಟ್ರಪತಿಯ ಅಂಕಿತ ಬಿತ್ತು. ಗಾಯಾಳುವನ್ನು ಸೇರಿಸಿದವರನ್ನು ಸತಾಯಿಸುವಂತಿಲ್ಲ ಎಂಬುದು ಈಗ ಹಕ್ಕು. ವಸ್ತು ತಂದುಕೊಡುವವರಿಗೂ ಇದೇ ಗೌರವ ಸಿಗಬೇಕು. ಜಪಾನಿನಲ್ಲಿ ಸಿಕ್ಕದ್ದನ್ನು ಬೀದಿಯ ಪೊಲೀಸ್ ಚೌಕಿಗೆ ಕೊಟ್ಟರೆ ಚೀಟಿ ಬರೆದುಕೊಡುತ್ತಾರೆ. ಒಡೆಯರು ಬಂದರೆ ಬೆಲೆಯ ನೂರಕ್ಕೆ 5ರಿಂದ 20ರಷ್ಟು ಬಹುಮಾನ ಕೊಡಬೇಕು. ಮೂರು ತಿಂಗಳು ಯಾರೂ ಬರದಿದ್ದರೆ ಸಾಮಾನ್ಯವಾಗಿ ವಸ್ತು ತಂದುಕೊಟ್ಟವರದೇ ಆಗುತ್ತದೆ. ಟೋಕಿಯೊ ಪೊಲೀಸರ ಬಳಿ ವರ್ಷಕ್ಕೆ 40 ಲಕ್ಷ ಮಿಕ್ಕಿ ವಸ್ತುಗಳು ಬರುವುದಕ್ಕೆ ಅಲ್ಲಿನ ಸಂಸ್ಕಾರದ ಜೊತೆ ಈ ಏರ್ಪಾಡೂ ಕಾರಣ.

ನಮ್ಮಲ್ಲೂ ಏನೂ ಇಲ್ಲವೆಂದಲ್ಲ. ಕಳೆದುಕೊಂಡವರು ಕರ್ನಾಟಕ ಪೊಲೀಸರ ಇ-ಲಾಸ್ಟ್ ಸೌಲಭ್ಯದಲ್ಲಿ ಮನೆಯಿಂದಲೇ ದೂರು ದಾಖಲಿಸಿ ವರದಿ ಪಡೆಯಬಹುದು. 2023ರ ಮೇ ತಿಂಗಳಿಂದ ಸಂಚಾರ್ ಸಾಥಿಯ ಸಿಇಐಆರ್ ಮೂಲಕ ಕಳೆದ ಫೋನನ್ನು ಐಎಂಇಐ ಸಂಖ್ಯೆಯಿಂದ ನಿಷ್ಕ್ರಿಯಗೊಳಿಸಬಹುದು, ಎಷ್ಟೋ ಫೋನುಗಳು ಹಾಗೆ ಮರಳಿವೆ. ಬಸ್ಸಿನಲ್ಲಿ ಸಿಕ್ಕಿದ್ದು ಕಂಡಕ್ಟರಿಗೆ, ಅಲ್ಲಿಂದ ಡಿಪೋಗೆ. 2023ರಿಂದ ನಮ್ಮ ತಲೆಯ ಮೇಲೆ ಓಡುತ್ತಿರುವ ಮೆಟ್ರೋದಲ್ಲಿ ಸಿಕ್ಕಿದ್ದು ನಿಲ್ದಾಣದ ಸಿಬ್ಬಂದಿಗೆ. ಎಲ್ಲೇ ಕೊಟ್ಟರೂ ಕೊಟ್ಟದ್ದನ್ನು ಬರೆಸಿ, ಸಾಧ್ಯವಾದರೆ ಅದರ ಫೋಟೋ ಇಟ್ಟುಕೊಳ್ಳುವುದು ಒಳ್ಳೆಯದು. ವಾಟ್ಸಾಪ್ ಗುಂಪಿನಲ್ಲಿ ಹಾಕುವುದಾದರೆ ಇಂಥ ಜಾಗದಲ್ಲಿ ಪರ್ಸು ಸಿಕ್ಕಿದೆ ಎಂದಷ್ಟೇ ಹೇಳಬೇಕು. ಬಣ್ಣ, ಮೊತ್ತ, ಒಳಗಿನ ಚೀಟಿ ಎಲ್ಲವನ್ನೂ ಬರೆದರೆ ಗುರುತು ಕೇಳಲು ಏನೂ ಉಳಿಯುವುದಿಲ್ಲ. ದಿನಸಿ ಅಂಗಡಿಯವರ ಜಾಣತನ ಈಗಲೂ ಕೆಲಸಕ್ಕೆ ಬರುತ್ತದೆ.

ಪತ್ರಿಕೆಗಳಲ್ಲಿ “ಪ್ರಾಮಾಣಿಕತೆ ಮೆರೆದ ಆಟೋ ಚಾಲಕ” ಎಂಬ ಸುದ್ದಿ ಆಗಾಗ ಬರುತ್ತದೆ, ಠಾಣೆಯಲ್ಲಿ ಶಾಲು ಹೊದಿಸಿದ ಚಿತ್ರದೊಂದಿಗೆ. ಆ ಚಾಲಕರಿಗೆ ನನ್ನ ನಮಸ್ಕಾರ. ಆದರೆ ಹಿಂದಿರುಗಿಸಲು ಒಂದು ದಿನದ ದುಡಿಮೆ ಬಿಟ್ಟು, ಪೆಟ್ರೋಲು ಸುಟ್ಟು ಅಲೆದದ್ದಕ್ಕೆ ಶಾಲಿನ ಜೊತೆ ಅವರ ಖರ್ಚನ್ನೂ ಕೊಡುವುದು ವಸ್ತುವಿನ ಒಡೆಯರ ಧರ್ಮ. ಕೊಟ್ಟವರ ಪ್ರಾಮಾಣಿಕತೆಯನ್ನು ಹೊಗಳಿ ನಮ್ಮ ಪಾಲಿನ ಹೊಣೆಯಿಂದ ಜಾರಿಕೊಳ್ಳಬಾರದು.

ಬ್ರೂಕ್‌ಫೀಲ್ಡಿನ ಪ್ರತಿ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಬರುವವರ, ಹೋಗುವವರ ಲೆಕ್ಕವಿದೆ. ಅದೇ ಮೇಜಿನ ಮೇಲೆ ಸಿಕ್ಕ ವಸ್ತುಗಳಿಗೆ ಇನ್ನೊಂದು ಪುಸ್ತಕ ಇಡುವುದು ಕಷ್ಟವೇನಲ್ಲ. ಏನು ಸಿಕ್ಕಿತು, ಎಲ್ಲಿ, ಯಾವಾಗ, ಯಾರು ತಂದುಕೊಟ್ಟರು. ಕೆಳಗೆ ಸಂಘದವರ ಸಹಿ, ತಂದವರ ಕೈಗೆ ಒಂದು ರಸೀದಿ. ಆ ರಸೀದಿ ಹಿಡಿದಾಕೆಯನ್ನು ಇನ್ನೊಂದು ಓಲೆ ಎಲ್ಲಿ ಎಂದು ಯಾರೂ ಕೇಳಬಾರದು. ಇಷ್ಟು ಮಾಡದೆ, ಕಾಲ ಕೆಟ್ಟಿತು, ಜನ ಕೆಟ್ಟರು ಎನ್ನಲು ನಮಗೆ ಅಧಿಕಾರವಿಲ್ಲ.